ಕಲ್ಲಮಾರಿನ ಕಾಲುದಾರಿ

"ನಿನಗೆ ಓದ್ಲಿಕ್ಕೆ ಬರ್ತದೆ, ಮಾತಾಡ್ಲಿಕ್ಕೆ ಬರ್ತದೆ. ಮತ್ತೆಂತ ಬೇಕು?" ಎಂದು ಕೇಳಿದರು ಸ್ಟ್ಯಾನಿಸ್ಲಾಸ್ ಮಾಸ್ಟ್ರು.

ರೋಸಲಿನ್ ತಲೆಯೆತ್ತಲಿಲ್ಲ. ಬೆಳಿಗ್ಗೆ ಕೊಯ್ದ ಮಲ್ಲಿಗೆಯ ಮೊಗ್ಗು ಬಾಳೆಲೆಯ ಮೇಲೆ ರಾಶಿಯಾಗಿತ್ತು. ಬಸ್ಸು ಬರುವುದರೊಳಗೆ ಅಷ್ಟನ್ನೂ ಬಾಳೆನಾರಿನಲ್ಲಿ ಕಟ್ಟಿ ಶಂಕರಪುರದ ಹೂವಿನ ಕಟ್ಟೆಗೆ ಮುಟ್ಟಿಸಬೇಕು. ಮಾಸ್ಟ್ರು ಅವಳಿಗೆ ಏಳನೆಯ ತರಗತಿಯಲ್ಲಿ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಊರಿನ ವಿರೋಧ ಪಕ್ಷವನ್ನು ಹೆಚ್ಚುಕಡಿಮೆ ಒಬ್ಬರೇ ಹೊತ್ತುಕೊಂಡು ತಿರುಗುತ್ತಿದ್ದರು. ಎಂಬತ್ತೇಳರ ಜನವರಿಯಲ್ಲಿ ಮಂಡಲ ಪಂಚಾಯತಿಗೆ ಚುನಾವಣೆ ಬಂದಿತ್ತು. ಕಾಲುಭಾಗ ಸೀಟು ಹೆಂಗಸರಿಗೆ ಎಂದು ಕಾನೂನಾದದ್ದರಿಂದ ಎರಡೂ ಪಕ್ಷದವರು ಮನೆಮನೆಗೆ ಹೆಂಗಸರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಬೆಂಗಳೂರಿನಲ್ಲಿ ಯಾವ ಸರಕಾರ ಬಂದರೂ ಹೋದರೂ ಕಲ್ಲಮಾರಿನಲ್ಲಿ ಆಳುತ್ತಿದ್ದದ್ದು ನೇಮಿರಾಜ ಬಲ್ಲಾಳರ ಪಕ್ಷವೇ. ಬಲ್ಲಾಳರು ಕೆಟ್ಟವರೆಂದು ಯಾರೂ ಹೇಳುತ್ತಿರಲಿಲ್ಲ. ಮದುವೆಗೆ ಕರೆದರೆ ಬರುತ್ತಿದ್ದರು, ಸಾವಾದರೆ ಸೌದೆ ಕಳಿಸುತ್ತಿದ್ದರು. ಇದ್ದದ್ದು ಇದ್ದ ಹಾಗೆಯೇ ಇರಬೇಕು ಎಂಬುದೊಂದೇ ಅವರ ಸಿದ್ಧಾಂತ. ಏನಾದರೂ ಬದಲಾಗಬೇಕೆಂದು ಯಾರಾದರೂ ಅರ್ಜಿ ತಂದರೆ ಅದನ್ನು ಪೂರ್ತಿ ಓದಿ, ಮಡಚಿ, "ಮುಂದಿನ ಮೀಟಿಂಗಿನಲ್ಲಿ ನೋಡುವ" ಎನ್ನುತ್ತಿದ್ದರು.

ಹಾಗೆ ಮಡಚಿಟ್ಟ ಅರ್ಜಿಗಳಲ್ಲಿ ಒಂದು ಗುಡ್ಡೆಯ ಮೇಲಿನ ಚೆನ್ನಪ್ಪನದು. ಗುಡ್ಡೆಯ ಹದಿನಾಲ್ಕು ಮನೆಗಳಿಂದ ಬಸ್ಸಿನ ರಸ್ತೆಗೆ ಬರುವ ಕಾಲುದಾರಿ ಬಲ್ಲಾಳರ ಜಾಗದ ಮೂಲಕ ಹೋಗುತ್ತಿತ್ತು. ಏಳು ವರ್ಷದ ಹಿಂದೆ ಬಲ್ಲಾಳರು ಅಲ್ಲಿಗೆ ಬೇಲಿ ಹಾಕಿದರು. ಆಮೇಲೆ ಗುಡ್ಡೆಯವರು ಗದ್ದೆಯ ಹುಣಿಯ ಕಿರಿದಾದ ಬದುವಿನ ಮೇಲೆ ಸುತ್ತಿಕೊಂಡು ಬರಬೇಕಾಯಿತು. ಒಂದು ವರ್ಷ ಆಟಿ ತಿಂಗಳ ಮಳೆಯಲ್ಲಿ ಚೆನ್ನಪ್ಪನ ಸೊಸೆ ಚಂಪಾಳಿಗೆ ಹೆರಿಗೆ ನೋವು ಬಂತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತರು. ಹುಣಿ ಕುಸಿದು ದಾರಿಯಲ್ಲೇ ತಡವಾಯಿತು. ಚಂಪಾ ಉಳಿದಳು, ಮಗು ಉಳಿಯಲಿಲ್ಲ.

"ಗೆದ್ದರೆ ಮೊದಲು ಆ ದಾರಿ," ಎಂದರು ಮಾಸ್ಟ್ರು. "ಅದಕ್ಕೇ ನಿನ್ನನ್ನು ಕೇಳುವುದು."

ಅವಳು ಆಗ ತಲೆಯೆತ್ತಿದಳು.

ಅವಳ ಗಂಡ ಕಜೆಟನ್‌ಗೆ ಮಾತ್ರ ಈ ಯಾವುದರಲ್ಲೂ ನಂಬಿಕೆ ಇರಲಿಲ್ಲ. ಅವನು ಮಣಿಪಾಲದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ಎರಡೂ ಪಕ್ಷದ ಕರಪತ್ರಗಳು ಅವನ ಕೈಯಿಂದಲೇ ಹೋಗುತ್ತಿದ್ದವು. ಬಲ್ಲಾಳರ ಪಕ್ಷದ್ದು ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ ಗೂಡಿಗೆ ಹಾಕುವುದು ಕ್ರಮ. ಆ ಸಲ ಅವನು ಐದಾರು ಸಾಲುಗಳನ್ನು ಬಿಚ್ಚದೆ ಹಾಗೇ ಎತ್ತಿಟ್ಟುಕೊಂಡನಂತೆ. ಮರುದಿನ ಮಾಸ್ಟ್ರ ಪಕ್ಷದ ಕರಪತ್ರ ಬಂದಾಗ ಕುಡಿಯುವ ನೀರು, ದೀಪ, ಬಡವರ ಏಳಿಗೆ ಎಲ್ಲವೂ ಸಿದ್ಧವಾಗಿಯೇ ಇತ್ತು. ಹೆಸರು ಮತ್ತು ಚಿಹ್ನೆಯ ಬ್ಲಾಕ್ ಬದಲಿಸಿದರೆ ಮುಗಿಯಿತು. ಇದನ್ನು ಅವನು ಊಟಕ್ಕೆ ಕೂತಾಗ ನಗದೆಯೇ ಹೇಳಿದ.

"ದಾರಿಯ ವಿಷಯ?" ಎಂದು ಕೇಳಿದಳು ರೋಸಲಿನ್.

"ಅದೊಂದು ಸಾಲು ಹೊಸತಾಗಿ ಜೋಡಿಸ್ಬೇಕಾಯ್ತು," ಎಂದು ಅವನು ಒಪ್ಪಿಕೊಂಡ.

ಮಾಸ್ಟ್ರ ಪಕ್ಷ ಗೆದ್ದಿತು. ಇಪ್ಪತ್ತೊಂದು ಸದಸ್ಯರಲ್ಲಿ ಬಲ್ಲಾಳರೂ ಸೇರಿ ಒಂಬತ್ತು ಜನ ಆ ಕಡೆ, ಹನ್ನೆರಡು ಜನ ಮಾಸ್ಟ್ರ ಕಡೆ. ಅವರಲ್ಲಿ ಚೆನ್ನಪ್ಪ ಒಬ್ಬ, ರೋಸಲಿನ್ ಒಬ್ಬಳು. ಮಾಸ್ಟ್ರು ಪ್ರಧಾನರಾದರು. ಅವರ ಹೆಂಡತಿಯ ತಮ್ಮ ಇಮ್ಯಾನುಯೆಲ್ ಬಹರೈನ್‌ನಿಂದ ಉದ್ದ ರಜೆಯ ಮೇಲೆ ಬಂದಿದ್ದ. ಪ್ರಚಾರಕ್ಕೆ ಜೀಪು ಕೊಟ್ಟವನು ಅವನೇ, ಗೆದ್ದ ದಿನ ಗುಡ್ಡೆಯವರಿಗೆಲ್ಲ ಸೋಜಿ ಪಾಯಸ ಕೊಡಿಸಿದವನೂ ಅವನೇ. ಕಜೆಟನ್‌ನ ಕೈಕೆಲಸ ನೋಡಿ, ಬಹರೈನಿನ ಪ್ರೆಸ್ಸೊಂದರಲ್ಲಿ ತನಗೆ ಗುರುತಿದೆ, ಪಾಸ್‌ಪೋರ್ಟ್ ಮಾಡಿಸಿಡು, ಆರು ತಿಂಗಳಲ್ಲಿ ವೀಸಾ ಕಳಿಸುತ್ತೇನೆ ಎಂದೂ ಹೇಳಿದ್ದ. ಕಜೆಟನ್ ಉಡುಪಿಗೆ ಹೋಗಿ ಫೋಟೊ ತೆಗೆಸಿಕೊಂಡು ಬಂದ. ಮೊದಲ ಸಲ ಅವನು ಏನನ್ನೋ ನಂಬಿದಂತೆ ರೋಸಲಿನ್‌ಗೆ ಕಂಡಿತು.

ಫೆಬ್ರವರಿ ಕೊನೆಯಲ್ಲಿ ಊರಿಗೆ ಒಂದು ಸುದ್ದಿ ಗೊತ್ತಾಯಿತು. ಬಲ್ಲಾಳರು ರಸ್ತೆ ಬದಿಯ ತಮ್ಮ ಜಾಗವನ್ನು ಮಾರಿದ್ದರು. ಕೊಂಡವನು ಇಮ್ಯಾನುಯೆಲ್. ತಾರಸಿ ಮನೆ ಕಟ್ಟಿಸಲು ಅದಕ್ಕಿಂತ ಒಳ್ಳೆಯ ಜಾಗ ಇಡೀ ಮಂಡಲದಲ್ಲಿ ಇರಲಿಲ್ಲ. ಚೆನ್ನಪ್ಪನ ದಾರಿ ಸರಿಯಾಗಿ ಅದರ ನಡುವೆ ಹಾದುಹೋಗುತ್ತಿತ್ತು.

ಬೇರೆಯವರು ಎಷ್ಟೋ ಜನ ಆ ಜಾಗ ಕೇಳಿದ್ದರು. ಬಲ್ಲಾಳರು ಯಾರಿಗೂ ಕೊಟ್ಟಿರಲಿಲ್ಲ. ಪ್ರಧಾನರ ಭಾವಮೈದ ಕೇಳಿದ ಕೂಡಲೇ ಕೊಟ್ಟರು.

ರೋಸಲಿನ್ ಮಾಸ್ಟ್ರ ಮನೆಗೆ ಹೋದಳು. ಅವರು ಜಗಲಿಯಲ್ಲಿ ಕುಳಿತು ಮಂಡಲದ ಕಾಗದಗಳನ್ನು ನೋಡುತ್ತಿದ್ದರು. ಸರ್ವೆ ನಕ್ಷೆಯನ್ನು ಅವರೇ ತೆಗೆದು ತೋರಿಸಿದರು. ದಾರಿ ಅದರಲ್ಲಿ ಚುಕ್ಕಿಗೆರೆಯಾಗಿ ಸ್ಪಷ್ಟವಾಗಿಯೇ ಇತ್ತು. ಅದರ ಬಗ್ಗೆ ಸುಳ್ಳು ಹೇಳುವ ಮನುಷ್ಯ ಅವರಲ್ಲ. ಆದರೆ ಇಮ್ಯಾನುಯೆಲ್ ಪಾಯ ತೋಡಿಸಲು ಶುರು ಮಾಡಿದ್ದಾನೆ, ಮನೆಯೊಳಗೆ ಹೆಂಡತಿಯ ಮುಖ ನೋಡಬೇಕು, ಪಕ್ಷಕ್ಕೆ ಇನ್ನೂ ಕಾಲು ಗಟ್ಟಿಯಾಗಿಲ್ಲ, ಮಳೆನೀರು ಹರಿಯುವ ತೋಡಿನ ಬದಿಯಲ್ಲಿ ಬೇರೆ ದಾರಿ ಮಾಡಬಹುದೋ ಏನೋ ಎಂದು ಅವರು ಒಂದೊಂದಾಗಿ ಹೇಳುತ್ತ ಹೋದರು. ತೋಡಿನ ಬದಿ ಮಳೆಗಾಲದಲ್ಲಿ ಸೊಂಟದವರೆಗೆ ನೀರು ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಮಾಸ್ಟ್ರು ನಕ್ಷೆ ಮಡಚಿದರು. "ಮುಂದಿನ ಮೀಟಿಂಗಿನಲ್ಲಿ ನೋಡುವ, ರೋಸಲಿನ್."

ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತೇನೋ. ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಎದ್ದುಬಂದಳು.

ಅಂದು ಸಂಜೆ ಅವಳು ಮಲ್ಲಿಗೆ ಗಿಡಗಳ ಬುಡಕ್ಕೆ ನೀರು ಹೊಯ್ಯುತ್ತಿದ್ದಾಗ ಕಜೆಟನ್ ಪ್ರೆಸ್ಸಿನಿಂದ ಬಂದ. ಅವನಿಗೆ ಸುದ್ದಿಯೆಲ್ಲ ಬಸ್ಸಿನಲ್ಲೇ ಸಿಕ್ಕಿತ್ತು. ಬಾವಿಕಟ್ಟೆಯ ಮೇಲೆ ಕುಳಿತ.

"ನಾನು ಮೊದಲೇ ಹೇಳಿದ್ದೆ ಅಲ್ವಾ? ಬ್ಲಾಕ್ ಮಾತ್ರ ಬೇರೆ."

"ಬಲ್ಲಾಳರ ಪಾರ್ಟಿಯಲ್ಲಿ ಎದ್ದು ಕೇಳುವವರೇ ಇರ್ಲಿಲ್ಲ," ಎಂದಳು ಅವಳು. "ಇದರಲ್ಲಿ ನಾನಿದ್ದೇನೆ."

"ನೀನು ಎದ್ದು ಕೇಳಿದರೆ ಇಮ್ಯಾನುಯೆಲ್ ವೀಸಾ ಕಳಿಸುವುದಿಲ್ಲ."

"ಗೊತ್ತುಂಟು."

"ಕೇಳ್ತೀಯಾ?"

"ಕೇಳ್ತೇನೆ. ನೀವು ಬೇಡ ಅಂದರೆ ಈಗಲೇ ಹೇಳಿ. ಜಗಳ ಮಾಡಿಯಾದರೂ ಹೋಗ್ತೇನೆ, ಆದರೆ ನಿಮಗೆ ಗೊತ್ತಿಲ್ಲದೆ ಹೋಗುವುದಿಲ್ಲ."

ಕಜೆಟನ್ ಬಾವಿಯೊಳಗೆ ನೋಡಿದ. ಹದಿನೆಂಟು ವರ್ಷ ಸೀಸದ ಮೊಳೆ ಹೆಕ್ಕಿ ಹೆಕ್ಕಿ ಅವನ ಬೆರಳ ತುದಿಗಳು ಕಪ್ಪಾಗಿದ್ದವು. ಅವಳ ಕೈಯಿಂದ ಕೊಡಪಾನ ತೆಗೆದುಕೊಂಡು ಉಳಿದ ಎರಡು ಸಾಲಿಗೆ ನೀರು ಹೊಯ್ದ.

ಮಾರ್ಚ್ ತಿಂಗಳ ಮೀಟಿಂಗ್ ಹಳೆಯ ಪಂಚಾಯತಿ ಕಟ್ಟಡದಲ್ಲೇ ನಡೆಯಿತು. ದಾರಿದೀಪ, ಶಾಲೆಯ ಹಂಚು, ಸಂತೆಯ ಏಲಂ ಎಂದು ಕಾರ್ಯದರ್ಶಿ ಓದಿದ್ದಕ್ಕೆಲ್ಲ ಒಪ್ಪಿಗೆಯಾಗುತ್ತ ಹೋಯಿತು. ಕೊನೆಗೆ "ಇತರ ವಿಷಯ" ಎಂದಾಗ ಮಾಸ್ಟ್ರು ಯಾರ ಕಡೆಗೂ ನೋಡದೆ ಏನೂ ಇಲ್ಲವಲ್ಲ ಎಂದರು. ರೋಸಲಿನ್ ಎದ್ದು ನಿಂತಳು. ಹೆಂಗಸರು ಕುಳಿತಲ್ಲಿಂದಲೇ ಮಾತಾಡುವುದನ್ನೂ ಆ ಕೋಣೆ ಅದುವರೆಗೆ ಕಂಡಿರಲಿಲ್ಲ.

ಅವಳು ಉದ್ದ ಮಾತಾಡಲಿಲ್ಲ. ನಕ್ಷೆಯಲ್ಲಿ ದಾರಿ ಉಂಟು. ಅದನ್ನು ಬಿಡಿಸಿ ಕೊಡುತ್ತೇವೆಂದು ಮನೆಮನೆಗೆ ಹೋಗಿ ತಾನೇ ಹೇಳಿದ್ದಾಳೆ. ಜಾಗ ಯಾರ ಹೆಸರಿಗೆ ಹೋದರೂ ದಾರಿ ದಾರಿಯೇ. ಮಳೆ ಬರುವ ಮೊದಲು ತೆರೆಯಬೇಕೆಂದು ನಿರ್ಣಯ ಬರೆಯಿರಿ. ಅಷ್ಟೆ. ಚೆನ್ನಪ್ಪ ಎದ್ದು, ಅನುಮೋದನೆ ಎಂಬ ಶಬ್ದ ನಾಲಿಗೆಗೆ ಸಿಗದೆ, "ನಂದೂ ಉಂಟು" ಎಂದ.

ಬಲ್ಲಾಳರು ವೀಳ್ಯದೆಲೆಯ ತೊಟ್ಟು ಮುರಿಯುತ್ತ ಮುಗುಳ್ನಕ್ಕರು. "ಇದು ನಿಮ್ಮ ಮನೆಯ ವಿಷಯ. ನಮ್ಮವರು ಯಾರೂ ಕೈ ಎತ್ತುವುದಿಲ್ಲ, ಇಳಿಸುವುದೂ ಇಲ್ಲ," ಎಂದರು. ಆಮೇಲೆ ಮಾಸ್ಟ್ರ ಕಡೆ ತಿರುಗಿ ಬಹಳ ಸ್ನೇಹದಿಂದಲೇ ಹೇಳಿದರು: "ಆ ಕುರ್ಚಿಯಲ್ಲಿ ಕೂತರೆ ಹೀಗೇ ಮಾಸ್ಟ್ರೇ. ಯಾರು ಕೂತರೂ ಒಂದೇ. ಇನ್ನು ನಿಮಗೆ ಗೊತ್ತಾಗ್ತದೆ."

ಕೈಗಳನ್ನು ಎಣಿಸಿದರು. ನಿರ್ಣಯದ ಪರ ಐದು, ವಿರೋಧ ಐದು. ಮಾಸ್ಟ್ರ ಕಡೆಯ ಒಬ್ಬ ಸದಸ್ಯ ಬೊಂಬಾಯಿಗೆ ಹೋಗಿದ್ದ. ಉಳಿದದ್ದು ಪ್ರಧಾನರು. ಕಾರ್ಯದರ್ಶಿ ಪೆನ್ನು ಹಿಡಿದು ಕಾದ. ಹೊರಗೆ ಕಾರ್ಕಳದ ಬಸ್ಸು ನಿಂತು ಹೋದ ಸದ್ದಾಯಿತು.

ಮಾಸ್ಟ್ರು ಮೇಜಿನ ಮೇಲೆ ಅಂಗೈ ಊರಿ ಕುಳಿತಿದ್ದರು. ಶಾಲೆಯಲ್ಲಿ ಹುಡುಗರು ಲೆಕ್ಕ ತಪ್ಪು ಮಾಡಿದಾಗ ಅವರು ಹೊಡೆಯುತ್ತಿರಲಿಲ್ಲ, ಹೀಗೇ ಕುಳಿತು ಕಾಯುತ್ತಿದ್ದರು. ಹುಡುಗನೇ ಎದ್ದುಬಂದು ಬೋರ್ಡಿನ ಮೇಲೆ ಒರೆಸಿ ಸರಿ ಮಾಡಬೇಕು. ಎಷ್ಟು ಹೊತ್ತಾಯಿತೋ, ಬಲ್ಲಾಳರು ಅಡಕೆ ಜಗಿಯುವುದನ್ನು ನಿಲ್ಲಿಸಿದರು.

"ಚುನಾವಣೆಯಲ್ಲಿ ಈ ಮಾತು ಕೊಟ್ಟದ್ದು ರೋಸಲಿನ್ ಅಲ್ಲ," ಎಂದರು ಮಾಸ್ಟ್ರು ಕೊನೆಗೆ. "ಅವಳ ಬಾಯಿಯಿಂದ ಹೇಳಿಸಿದ್ದು ನಾನು." ಆಮೇಲೆ ಕಾರ್ಯದರ್ಶಿಗೆ, "ಬರ್ಕೊಳ್ಳಿ. ಪ್ರಧಾನರು ಪರ," ಎಂದರು.

ಇಮ್ಯಾನುಯೆಲ್ ಕೋರ್ಟಿಗೆ ಹೋಗುತ್ತೇನೆಂದ. ವಕೀಲರು ನಕ್ಷೆ ನೋಡಿ ಬೇಡವೆಂದರು. ಈಸ್ಟರಿನ ಪಾಸ್ಕದ ಹಬ್ಬಕ್ಕೆ ಅವನು ಅಕ್ಕನ ಮನೆಗೆ ಬರಲಿಲ್ಲ. ಇಗರ್ಜಿಯಲ್ಲಿ ರೋಸಲಿನ್ ಎದುರಿಗೆ ಬಂದರೂ ಕಾಣದವನಂತೆ ಹೋದ. ಮಾಸ್ಟ್ರ ಹೆಂಡತಿ ಅವಳನ್ನು ನೋಡಿದ ಕೂಡಲೇ ಮುಖ ತಿರುಗಿಸುತ್ತಿದ್ದರು. ಪಕ್ಷದ ಇಬ್ಬರು ಸದಸ್ಯರು ಬಲ್ಲಾಳರ ಜಗಲಿಯಲ್ಲಿ ಕಾಣಿಸಿಕೊಳ್ಳತೊಡಗಿದರು. ವೀಸಾದ ಮಾತನ್ನು ಯಾರೂ ಎತ್ತಲಿಲ್ಲ. ಒಂದು ದಿನ ಕಜೆಟನ್ ಪಾಸ್‌ಪೋರ್ಟಿನ ಫೋಟೊಗಳನ್ನು ಪೆಟ್ಟಿಗೆಯ ಅಡಿಗೆ ಹಾಕಿದ. "ನಂಗೊಂದು ಆಸೆ ಇತ್ತು, ಅಷ್ಟೆ," ಎಂದ. ರೋಸಲಿನ್ ಅವನ ಹತ್ತಿರ ಕುಳಿತುಕೊಂಡಳು. ತಪ್ಪಾಯಿತು ಎನ್ನಬೇಕೆಂದು ಅವಳಿಗೆ ಅನ್ನಿಸಲಿಲ್ಲ, ಅವನೂ ಅದನ್ನು ಕಾಯುತ್ತಿರಲಿಲ್ಲ.

ದಾರಿ ತೆರೆಯುವುದು ಖಂಡಿತವಾದ ಮೇಲೆ ಇಮ್ಯಾನುಯೆಲ್ ರಜೆ ಮುಗಿದು ಹೋಗುವ ಮೊದಲು ಒಂದು ಕೆಲಸ ಮಾಡಿಸಿದ. ತನ್ನ ಜಾಗಕ್ಕೆ ಗುಡ್ಡೆಯವರ ಒಂದು ಕಾಲೂ ತಾಗಬಾರದೆಂದು ದಾರಿಯ ಎರಡೂ ಬದಿಗೆ ಎದೆಯೆತ್ತರಕ್ಕೆ ಕೆಂಪುಕಲ್ಲಿನ ಗೋಡೆ ಕಟ್ಟಿಸಿದ. ನಕ್ಷೆಯಲ್ಲಿ ಇದ್ದಷ್ಟೇ ಅಗಲ ಬಿಟ್ಟ, ಒಂದಂಗುಲ ಹೆಚ್ಚಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ರೋಸಲಿನ್ ಹೂವಿನ ಕಟ್ಟು ಹಿಡಿದು ದಾರಿಯ ಬಾಯಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಗುಡ್ಡೆಯಾಚೆ ಬಲ್ಲಾಳರ ಗೇರುತೋಟವೊಂದಿತ್ತು. ಅಲ್ಲಿಗೂ ಇದೇ ಹತ್ತಿರದ ದಾರಿ. ಅವರು ಕೊಡೆ ಬಿಡಿಸಿಕೊಂಡು ಬಂದರು, ಅವಳಿಗೆ ತಲೆಯಾಡಿಸಿ ಗೋಡೆಗಳ ನಡುವೆ ಹೊಕ್ಕು ನಡೆದರು. ಮೇಲಿನಿಂದ ಚಂಪಾ ತಲೆಯ ಮೇಲೆ ತರಗೆಲೆಯ ದೊಡ್ಡ ಹೊರೆ ಹೊತ್ತು ಇಳಿಯುತ್ತಿದ್ದಳು. ಮೊದಲಾಗಿದ್ದರೆ ಅವಳು ದೂರದಲ್ಲೇ ಹುಣಿ ಬಿಟ್ಟು ಗದ್ದೆಗಿಳಿದು, ಅವರು ದಾಟುವವರೆಗೆ ನಿಲ್ಲುತ್ತಿದ್ದಳು. ಈಗ ಇಳಿಯಲು ಜಾಗವಿರಲಿಲ್ಲ. ಹೊರೆಯೊಂದಿಗೆ ಹಿಂದೆ ತಿರುಗುವಷ್ಟೂ ಅಗಲವಿರಲಿಲ್ಲ. ಅವಳು ನಿಂತಳು. ಬಲ್ಲಾಳರೂ ನಿಂತರು, ಒಮ್ಮೆ ಹಿಂದೆ, ರಸ್ತೆಯ ಕಡೆ, ನೋಡಿದರು.

ಆಮೇಲೆ ಕೊಡೆ ಮಡಚಿದರು. ಬೆನ್ನನ್ನು ಕೆಂಪುಕಲ್ಲಿಗೆ ಆನಿಸಿ, ಬಿಳಿ ಅಂಗಿಯ ಹೊಟ್ಟೆಯನ್ನು ಒಳಗೆಳೆದುಕೊಂಡು ಅಡ್ಡವಾಗಿ ನಿಂತರು. ಚಂಪಾ ಹೊರೆಯನ್ನು ಎರಡು ಕೈಯಲ್ಲಿ ಹಿಡಿದು, ಹೆಜ್ಜೆ ತಡವರಿಸದೆ ಅವರನ್ನು ದಾಟಿ ಇಳಿದು ಬಂದಳು. ಒಣ ಎಲೆಗಳು ಅವರ ಭುಜಕ್ಕೆ ಸವರಿ ಸದ್ದು ಮಾಡಿದವು.