ಎದುರು ಪಕ್ಷದ ಬ್ರೆಡ್ಡು

ಚಾಕು ಬಾಗಿತೇ ಹೊರತು ಬ್ರೆಡ್ಡು ಕುಯ್ಯಲಿಲ್ಲ. ಒಡಿಲಾನ್ ಇನ್ನಷ್ಟು ಬಲ ಹಾಕಿದ. ಹೆಂಡತಿ ಲಿಯೊನಿ ಕಾಫಿ ಕುಡಿಯುತ್ತಾ, ಪತ್ರಿಕೆಗೆಂದು ಅವನು ಬರೆದಿಟ್ಟ ಲೇಖನ ಓದುತ್ತಿದ್ದಳು.

"ರೀ, ‘ಪ್ರತಿಯೊಬ್ಬನೂ ತನಗೆ ಸರಿ ಕಂಡದ್ದನ್ನು ಆರಿಸಿಕೊಳ್ಳಲಿ’ ಅಂತ ಬರ್ದಿದೀರಲ್ಲ, ಕೆಳಗೆ ‘ಬ್ರೆಡ್ಡೊಂದು ಬಿಟ್ಟು’ ಅಂತ ಸೇರಿಸ್ಬಿಡಿ."

ಡೆಂಡರ್ ಹೊಳೆ ದಂಡೆಯ ನಮ್ಮೂರಿನಲ್ಲಿ ಎಲ್ಲವೂ ಎರಡೆರಡು. ಉದಾರವಾದಿಗಳಿಗೊಂದು ವಾದ್ಯಮೇಳ, ಚರ್ಚಿನ ಪಕ್ಷಕ್ಕೊಂದು. ಇವರಿಗೊಂದು ಬೇಕರಿ, ಅವರಿಗೊಂದು. ಎದುರು ಪಕ್ಷದ ಬೇಕರಿಯ ಹೊಸ್ತಿಲು ತುಳಿದವನು ಪಕ್ಷ ಬಿಟ್ಟ ಹಾಗೇ. ದೇವರಿಗೂ ತಮಾಷೆ ಬೇಕಿತ್ತೇನೋ, ಒಳ್ಳೆಯ ಕೈರುಚಿಯನ್ನು ಚರ್ಚಿನ ಪಕ್ಷದ ಎವಾರಿಸ್ಟನಿಗೆ ಕೊಟ್ಟು ಉದಾರವಾದಿಗಳಿಗೆ ಥಿಯೊಫಿಲನನ್ನು ಗಂಟು ಹಾಕಿದ್ದ. ಥಿಯೊಫಿಲನ ಬ್ರೆಡ್ಡು ಶುದ್ಧ ಇಟ್ಟಿಗೆ. ಆದರೆ ಅವನ ನೆಂಟರಿಷ್ಟರದೇ ಹನ್ನೊಂದು ಓಟು. ಹೋದ ಸಲ ಒಡಿಲಾನ್ ಉದಾರವಾದಿಗಳ ಕಡೆಯಿಂದ ನಗರಸಭೆಗೆ ಗೆದ್ದದ್ದು ಒಂಬತ್ತು ಓಟಿನಿಂದ. ಬರುವ ಭಾನುವಾರ ಮತ್ತೆ ಚುನಾವಣೆ.

ಒಡಿಲಾನ್ ಲೇಖನವನ್ನು ಇನ್ನೊಮ್ಮೆ ಓದಿದ. ನಾಚಿಕೆಯಾಯಿತು. ಟೋಪಿ ಹಾಕಿಕೊಂಡು ಹೊರಟೇಬಿಟ್ಟ.

ಅವನು ಒಳಗೆ ಕಾಲಿಡುತ್ತಲೇ ಎವಾರಿಸ್ಟನ ಅಂಗಡಿಯಲ್ಲಿದ್ದವರೆಲ್ಲ ಬಾಗಿಲತ್ತ ತಿರುಗಿದರು.

"ದಾರಿ ತಪ್ಪಿತಾ, ಸ್ವಾಮಿ?" ಎಂದ ಎವಾರಿಸ್ಟ.

"ಇಲ್ಲಪ್ಪ, ಹಸಿವು. ಒಣದ್ರಾಕ್ಷೀದು ಒಂದು ಕೊಡು."

ಮೂಲೆಯಲ್ಲಿ ಶಾಲು ಮುಸುಕಿದ್ದ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ನೋಡಿದರೆ ಥಿಯೊಫಿಲನ ತಾಯಿ ವರ್ಜಿನಿ! ಕಂಕುಳಲ್ಲಿ ಬಿಸಿ ಬಿಸಿ ಬ್ರೆಡ್ಡು.

"ಹಂಗೇನ್ ನೋಡ್ತೀಯೋ? ನನ್ ಬಾಯಲ್ಲಿರೋದು ನಾಕೇ ಹಲ್ಲು. ಮಗನ ಬ್ರೆಡ್ಡಿಗೆ ಅವನ್ನೂ ಕಳ್ಕೊಳ್ಲಾ? ಹಿತ್ಲ ಬಾಗ್ಲಿಂದ ಹೋಗು, ನಾನು ಆರು ವರ್ಷದಿಂದ ಹಂಗೇ ಹೋಗ್ತಿರೋದು. ನಿನ್ ಓಟಾದ್ರೂ ಉಳೀಲಿ."

ಒಡಿಲಾನ್ ಹಿತ್ತಲ ಬಾಗಿಲನ್ನು ನೋಡಿದ. ಅದು ತೆರೆದೇ ಇತ್ತು. ಹನ್ನೊಂದು ಓಟು ಅವನ ಕಣ್ಣಮುಂದೆ ಸಾಲಾಗಿ ನಿಂತವು. ಆದರೂ ಎವಾರಿಸ್ಟ ಕೊಟ್ಟ ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುದುಕಿಗೆ ತೋಳು ಚಾಚಿದ.

"ಬನ್ನಿ ಅಜ್ಜಿ, ಮುಂದಿನ ಬಾಗ್ಲಿಂದಾನೇ ಹೋಗೋಣ."

"ಹುಚ್ಚು ಮುಂಡೇದೇ," ಎಂದು ಗೊಣಗಿದ ವರ್ಜಿನಿ, ಶಾಲು ಹಿಂದಕ್ಕೆ ಸರಿಸಿ ಅವನ ತೋಳು ಹಿಡಿದಳು.

ಬೀದಿಯಾಚೆ, ತನ್ನ ಅಂಗಡಿಯ ಬಾಗಿಲಲ್ಲಿ, ಥಿಯೊಫಿಲ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಮುಖ ಕೆಂಪೇರಿತ್ತು. ವರ್ಜಿನಿ ತನ್ನ ಬ್ರೆಡ್ಡಿನ ಒಂದು ಚೂರು ಮುರಿದು ಅವನತ್ತ ಚಾಚಿದಳು.

"ಬಾರೋ ಮಗಾ. ಒಂದ್ಸಲ ತಿಂದ್ ನೋಡು."

ಥಿಯೊಫಿಲ್ ಎಡಬಲ ನೋಡಿದ. ಆಮೇಲೆ ಎರಡೂ ಕೈಯನ್ನು ಏಪ್ರನ್ನಿಗೆ ಚೆನ್ನಾಗಿ ಒರೆಸಿಕೊಂಡು ಬೀದಿಗಿಳಿದ.