ಸಡಿಲಿಸಿದ ತಂತಿ

ಬೇಸಿಗೆಯ ಬೆಳಗು. ಕೃಷ್ಣಾಬಾಯಿ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ನೆರಳಿನಲ್ಲಿ ಅವಳ ಗಂಡ ಮಿಲಿಂದ ಎಡಗೈ ಬೆರಳುಗಳನ್ನು ತಿಕ್ಕಿಕೊಳ್ಳುತ್ತ ಕೂತಿದ್ದ. ಲಕ್ವಾ ಹೊಡೆದಾಗಿನಿಂದ ಅವು ಗಿಟಾರಿನ ತಂತಿ ಒತ್ತಲು ಸೋಲುತ್ತಿದ್ದವು. ಅವನೂ ಶಾಲೆಯ ಗೆಳೆಯರೂ ಅರವತ್ತು ದಾಟಿದ ಮೇಲೆ ಕಟ್ಟಿದ ರಾಕ್ ಬ್ಯಾಂಡಿನ ಮೊದಲ ಕಾರ್ಯಕ್ರಮ ಅಂದು ಸಂಜೆ ಹೈದರಾಬಾದಿನ ಅಬಿಡ್ಸ್‌ನಲ್ಲಿತ್ತು.

"ಹಾಡಿನ ನಡುವ ಕೈ ನಿಂತ್ರ ಹೆಂಗಲೇ?" ಎಂದು ಕೇಳಿದ ಮಿಲಿಂದ.

"ನಾ ಒದರತೀನಿ. ಮಂದಿ ಅದನ್ನೂ ರಾಕ್ ಅಂತಾರ," ಎಂದ ಪಕ್ಕದಲ್ಲಿ ಕೂತಿದ್ದ ಬ್ಯಾಂಡಿನ ಹಾಡುಗಾರ ಕಲ್ಲೇಶ.

ಮಿಲಿಂದ ಗಿಟಾರ್ ಮೀಟಿದ. ತಂತಿ ಮೆತ್ತಗಿತ್ತು, ಶ್ರುತಿ ಇಳಿದಿತ್ತು.

"ಯಾರ್ ಸಡಿಲ ಮಾಡ್ಯಾರ?"

"ನಾನ," ಎಂದ ಕಲ್ಲೇಶ. "ಒತ್ತಾಕ ಹಗುರ ಆಗ್ತೈತಿ."

"ಇಷ್ಟ ಕೆಳಗ ನಿನ್ನ ದನಿ ಇಳಿಯೂದಿಲ್ಲ, ಹುಚ್ಚಪ್ಯಾಲಿ! ಎಲ್ಲಾರ ಮುಂದ ಒಡೀತೈತಿ."

"ಒಡೀಲಿ. ಬಾರಸು."

ಮಿಲಿಂದ ಬಾರಿಸಿದ; ಬೆರಳು ಜಾರಲಿಲ್ಲ. ಕಲ್ಲೇಶನ ದನಿ ಎರಡನೆಯ ಸಾಲಿಗೇ ಬಿರುಕು ಬಿಟ್ಟಿತು. ಈ ಋಣ ತೀರಿಸುವ ಬಗೆ ತಿಳಿಯದೆ ಮಿಲಿಂದ ಮತ್ತೆ ಮೊದಲಿನಿಂದ ಬಾರಿಸತೊಡಗಿದ.