ಔಡಲೆಣ್ಣೆಯ ನಾಲ್ಕು ಹನಿ

ಮತ್ತೆ ನೊರೆ, ಜಹೀರಾಬಾದಿನ ಈ ಆಸ್ಪತ್ರೆಯ ನೆಲ ಒರೆಸುವಾಕೆಯ ಬಕೆಟ್ಟಿನಲ್ಲೂ ನೊರೆ, ಸಣ್ಣ ಗುಳ್ಳೆಗಳು ದೊಡ್ಡವಕ್ಕೆ ಗಾಳಿ ಕೊಟ್ಟು ಇಲ್ಲವಾಗುತ್ತಿವೆ, ಒಂದು, ಎರಡು, ಥೂ, ಒಳಗೆ ದೊಡ್ಡಪ್ಪನ ಸುಟ್ಟ ತೋಳಿಗೆ ಪಟ್ಟಿ ಬದಲಿಸುತ್ತಿದ್ದಾರೆ, ನಾನಿಲ್ಲಿ ಗುಳ್ಳೆ ಎಣಿಸುತ್ತಿದ್ದೇನೆ — ಐದು ವರ್ಷ ಹೈದರಾಬಾದಿನಲ್ಲಿ ಪಿಎಚ್‌ಡಿಗೆಂದು ಕಂಪ್ಯೂಟರಿನ ಮುಂದೆ ಕೂತು ಮಾಡಿದ್ದೂ ಇದನ್ನೇ, ಒಂದು ಹನಿ ಎಣ್ಣೆ ನೊರೆಯ ಪೊರೆಯನ್ನು ಹೇಗೆ ಹರಿದುಹಾಕುತ್ತದೆ ಅನ್ನುವ ಲೆಕ್ಕ, ಸಮೀಕರಣ ಸರಿ, ನಿಜವಾದ ನೊರೆ ಎಲ್ಲಿ, ಯಾವುದರ ಜೊತೆ ತಾಳೆ ನೋಡಿದೆ ಧಮ್ಮಶೀಲಾ ಎಂದರು ಗೈಡ್ ಮೇಡಂ, ಆಗ ನೆನಪಾದದ್ದು ನ್ಯಾಲ್ಕಲ್ಲಿನ ಬೆಲ್ಲದ ಗಾಣ, ಪೋಚಪ್ಪ ದೊಡ್ಡಪ್ಪ, ಕಬ್ಬಿನ ಹಾಲು ಕುದ್ದು ನೊರೆ ಕಡಾಯಿಯ ಅಂಚಿಗೆ ಬಂದಾಗ ಅವನು ನಾಲ್ಕು ಹನಿ ಔಡಲೆಣ್ಣೆ ಚಿಮುಕಿಸಿದರೆ ಸಾಕು, ಉಬ್ಬಿದ್ದೆಲ್ಲ ಕುಸಿದು ಕೂರುತ್ತಿತ್ತು, ಮೂವತ್ತು ವರ್ಷ ಒಮ್ಮೆಯೂ ಉಕ್ಕಲು ಬಿಟ್ಟವನಲ್ಲ, ಗಡಿಯಾರ ಬೇಡ, ಕುದಿಯುವ ಸದ್ದಿನಲ್ಲೇ ಅವನಿಗೆ ತಿಳಿಯುತ್ತಿತ್ತು.

ನೊರೆ ಏರುವುದನ್ನು ವಿಡಿಯೋ ತೆಗೆಯಲು ಗಾಣದಲ್ಲಿ ಮೊಬೈಲನ್ನು ಕೋಲಿಗೆ ಕಟ್ಟಿದ್ದೆ, ಎಣ್ಣಿ ಹಾಕ್ಲೇನವ್ವ ಅಂದ, ನಾನು ಪರದೆ ನೋಡುತ್ತಾ ತಡಿ ದೊಡ್ಡಪ್ಪ, ಇನ್ನೊಂದೀಟು ಏರ್ಲಿ, ಸಾಕವ್ವ, ಉಕ್ಕತದ, ಒಂದೇ ಮಿನಿಟ್ ದೊಡ್ಡಪ್ಪ — ಎಷ್ಟು ಚೆಂದ ಏರುತ್ತಿತ್ತು, ನನ್ನ ಗ್ರಾಫಿನ ಗೆರೆಯ ಹಾಗೆ, ಖುಷಿಯಾಗಿತ್ತು ನನಗೆ, ಅದು ಅಂಚು ಹಾರಿ ಅವನ ತೋಳ ಮೇಲೆ ಬಿದ್ದು ಅವನು ಚೀರಿದಾಗಲೂ ಅರೆಗಳಿಗೆ ಪರದೆಯನ್ನೇ ನೋಡುತ್ತಿದ್ದೆ, ನಾಚಿಕೆಯಾಗುತ್ತದೆ — ಡಾಕ್ಟರು ಕೇಳಿದರೆ ನಂದೇ ತಪ್ಪರಿ, ಕಣ್ಣು ಮಂಜಾಗ್ಯಾವ, ಎಣ್ಣಿ ಹಾಕಾದು ತಡಾ ಆತು ಅಂದ, ನನ್ನ ಕಡೆ ನೋಡಲೇ ಇಲ್ಲ, ಗಾಣದ ಮಾಲಕ ಶಾಂತಪ್ಪನಿಗೂ ಅದನ್ನೇ ಹೇಳಿದ, ಮುದುಕ ಆಗ್ಯಾನ, ಇನ್ನ ಬ್ಯಾಡ ಅಂದನಂತೆ ಶಾಂತಪ್ಪ, ಕಡಾಯಿಯ ಮುಂದೆ ಈಗಾಗಲೇ ಬೇರೆಯವನು ನಿಂತಿದ್ದಾನೆ — ಪಕ್ಕದಲ್ಲಿ ಲಚ್ಚಮ್ಮ ದೊಡ್ಡವ್ವ ಬಂದು ಕೂತಳು, ಸೆರಗಿನಲ್ಲಿ ಮೂಗೊರೆಸಿ, ನೀ ಅಲ್ಲೇ ಇದ್ದೆಲ್ಲವ್ವ, ಖರೇ ಹೇಳು, ಅವಂಗ ಕಣ್ಣು ಕಾಣ್ಲಿಲ್ಲೇನು, ಹಿಂಗ ಎಂದೂ ಆಗಿಲ್ಲ — ಹೇಳಬೇಕು, ಈಗಲೇ, ವಿಡಿಯೋದಲ್ಲಿ ನನ್ನ ದನಿ ಇದೆ, ಸದ್ದು ತೆಗೆದು ಮೇಡಂಗೆ ಕಳಿಸಿಯಾಗಿದೆ, ತಾಳೆ ಚೆನ್ನಾಗಿ ಬಂದಿದೆ ಅಂದರು, ಬಾಯಿ ತೆರೆದೆ, ಹೂಂ ದೊಡ್ಡವ್ವ, ಕಂಡಿರ್ಲಿಕ್ಕಿಲ್ಲ ಅಂದೆ, ಅಂದೇಬಿಟ್ಟೆ, ಅವಳು ನಂಬಿದಳು — ಕಂಡಿತ್ತು, ಅವನಿಗೆ ಎಲ್ಲ ಕಂಡಿತ್ತು, ಎಣ್ಣೆಯ ಬಟ್ಟಲು ಹಿಡಿದ ಆ ಕೈ, ಏರುವ ನೊರೆಯ ಮೇಲೆ, ಓದಿದ ಹುಡುಗಿಯ ಮಾತಿಗೆ ಕಾಯುತ್ತಾ ನಿಂತ ಕೈ, ನಿಂತೇ ಇರುವ ಕೈ.